ನಾದಿನಿಯ ಎಡಗಣ್ಣು

ನಮ್ಮ ಬೀದಿಗೆಲ್ಲ ಅವಳು ನಾದಿನಿ. ನಿಜವಾಗಿ ನೋಡಿದರೆ ಅವಳು ಕನ್ನಡಕದಂಗಡಿಯವನೊಬ್ಬನಿಗೇ ನಾದಿನಿ, ಅವನ ಹೆಂಡತಿಯ ಬೆನ್ನಿಗೆ ಬಿದ್ದ ತಂಗಿ. ಆದರೆ ಹಾಲಿನವನು, ಬೀಗ ರಿಪೇರಿಯವನು, ಎದುರು ಮನೆಯ ನಿವೃತ್ತ ಮೇಷ್ಟ್ರು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಹಾಗೆಂದು ಯಾರೂ ಸಲಿಗೆ ತೋರಿಸುತ್ತಿರಲಿಲ್ಲ. ಅವಳ ಬಾಯಿ ಅಂಥದು. ಒಮ್ಮೆ ಬೀಗದವನು "ಏನು ನಾದಿನಿ, ಇವತ್ತು ಮುಖ ಗಂಟುಹಾಕ್ಕೊಂಡಿದೆ?" ಎಂದು ಕೇಳಿದ್ದಕ್ಕೆ, "ಬೆಳಗ್ಗೆ ಬೆಳಗ್ಗೆ ನಿಮ್ಮನ್ನ ನೋಡಿದೆನಲ್ಲ, ಇನ್ನೇನಾಗುತ್ತೆ" ಎಂದಿದ್ದಳು. ಬೀಗದವನು ಆ ಮಾತನ್ನು ಎಲ್ಲರಿಗೂ ಹೇಳಿಕೊಂಡು ನಕ್ಕ. ಅವಳು ತಮಾಷೆಗೆ ಹೇಳಿರಲಿಲ್ಲ.

ಅಕ್ಕನ ಹೆರಿಗೆಗೆಂದು ನಾಲ್ಕು ದಿನ ಇದ್ದುಹೋಗಲು ಬಂದವಳು. ಆ ಮಗು ಬೆಳೆದು ಕಾಲೇಜಿಗೆ ಹೋಗತೊಡಗಿತು, ಇವಳು ಇನ್ನೂ ಹೋಗಿರಲಿಲ್ಲ. ಹೋಗಲು ಮನೆಯೂ ಉಳಿದಿರಲಿಲ್ಲ. ಅಪ್ಪ ಸತ್ತ ಮೇಲೆ ಅದನ್ನು ಮಾರಿದವನು ಭಾವನೇ. ಅಂಗಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಅಕ್ಕ ಮೇಲೆ, ಭಾವ ಕೆಳಗೆ, ಇವಳು ಎರಡೂ ಕಡೆ. ಬೆಳಗ್ಗೆ ಮೇಲಿನ ಪಾತ್ರೆ ತೊಳೆದು, ಹತ್ತು ಗಂಟೆಗೆ ಕೆಳಗಿನ ಶಟರ್ ಎತ್ತುತ್ತಿದ್ದಳು. ಗಿರಾಕಿಯ ಮೂಗು ನೋಡಿಯೇ ಯಾವ ಫ್ರೇಮು ಜಾರುತ್ತದೆ, ಯಾವುದು ನಿಲ್ಲುತ್ತದೆ ಎಂದು ಹೇಳಿಬಿಡುತ್ತಿದ್ದಳು. ಹೇಳುವ ರೀತಿ ಮಾತ್ರ ಒರಟು. "ಇದು ನಿಮಗೆ ಬೇಡ, ಗೂಬೆ ಥರ ಕಾಣ್ತೀರಿ." ಜನ ಮುಖ ಸಿಂಡರಿಸಿಕೊಂಡು ಅವಳು ಕೊಟ್ಟ ಫ್ರೇಮನ್ನೇ ಕೊಂಡು ಹೋಗುತ್ತಿದ್ದರು.

ಭಾವ ಕೂಗಾಡುವ ಮನುಷ್ಯನಲ್ಲ. ಅವನ ಜೊತೆ ಇದ್ದ ಕಷ್ಟವೇ ಅದು. ದನಿ ಎತ್ತಿದ್ದರೆ ಇವಳೂ ಎತ್ತಿ ಲೆಕ್ಕ ಚುಕ್ತಾ ಮಾಡಿಬಿಡುತ್ತಿದ್ದಳು. ಅವನು ಬೆಣ್ಣೆಯಂತೆ ಮಾತಾಡುತ್ತಿದ್ದ, ಮಾತು ಮುಗಿಯುವಷ್ಟರಲ್ಲಿ ಕೆಲಸ ಇವಳ ಕೊರಳಿಗೆ ಬಿದ್ದಿರುತ್ತಿತ್ತು. ಇವಳು ಅದಕ್ಕೆ ಸಿಡಿದರೆ, "ನಾನೇನಂದೆ ಈಗ?" ಎಂದು ಹೆಂಡತಿಯ ಕಡೆ ತಿರುಗುತ್ತಿದ್ದ. ಅಕ್ಕ ಒಲೆಯ ಕಡೆ ತಿರುಗುತ್ತಿದ್ದಳು.

ಆ ವರ್ಷ ಭಾವ ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ತರಿಸಿದ. ಹಸಿರು, ಬೂದು, ಜೇನಿನ ಬಣ್ಣ. ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಮೇಲೆ ಸಣ್ಣ ದೀಪ ಹಾಕಿಸಿದ. ಕಾಲೇಜು ಹುಡುಗಿಯರು ಬಂದು ನೋಡಿದರು, ನಕ್ಕರು, ಹೋದರು. ಲೆನ್ಸು ಒಂದೂ ಖರ್ಚಾಗಲಿಲ್ಲ.

"ನೀನೇ ಹಾಕ್ಕೊಂಡು ಕೂತ್ಕೋ," ಎಂದ ಭಾವ ಒಂದು ಮಧ್ಯಾಹ್ನ. "ನೋಡಿದೋರು ತಾವೇ ಕೇಳ್ತಾರೆ."

"ನನ್ನ ಮುಖಕ್ಕೆ ಹಸಿರು ಕಣ್ಣಾ? ಬೆಕ್ಕು ಅಂತಾರೆ."

"ಅನ್ನಲಿ ಬಿಡು. ಬೆಕ್ಕು ಚೆನ್ನಾಗೇ ಇರುತ್ತೆ."

ಅವಳಿಗೆ ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕ. ಅದನ್ನು ತೆಗೆದರೆ ಎದುರಿನ ಗೋಡೆಯೂ ಕಾಣದು. ಭಾವ ಅವಳ ಪವರಿಗೆ ಸರಿಯಾದ ಹಸಿರು ಲೆನ್ಸು ಕೊಟ್ಟ. ಅವಳು ಹಿಂದಿನ ಕೋಣೆಯ ಕನ್ನಡಿಯ ಮುಂದೆ ಹಾಕಿಕೊಂಡು ಬಹಳ ಹೊತ್ತು ನಿಂತಳು. ಮೂಗಿನ ಮೇಲೆ ಭಾರವಿಲ್ಲ. ಮುಖದ ಮಧ್ಯೆ ಇಷ್ಟು ವರ್ಷ ಗಾಜಿನ ಹಿಂದೆ ಕುಗ್ಗಿದ್ದ ಕಣ್ಣು ಈಗ ದೊಡ್ಡದಾಗಿ, ಯಾರದೋ ಕಣ್ಣಿನಂತೆ ಅವಳನ್ನೇ ನೋಡುತ್ತಿತ್ತು. ಬೀದಿಗೆ ಬಂದಾಗ ಬೀಗದವನು ಬಾಯಿ ಬಿಟ್ಟು ನಿಂತ. ಅವಳು ಆ ದಿನ ಯಾರ ಮೇಲೂ ರೇಗಲಿಲ್ಲ. ಅದನ್ನು ಗಮನಿಸಿದವರು ಲೆನ್ಸಿಗಿಂತ ಅದಕ್ಕೇ ಹೆಚ್ಚು ಆಶ್ಚರ್ಯಪಟ್ಟರು.

ಲೆನ್ಸು ಖರ್ಚಾಗತೊಡಗಿದವು. ಕೊಳ್ಳುವವರಿಗೆಲ್ಲ ಭಾವ ತೊಳೆಯುವ ದ್ರವದ ಬಾಟಲಿಯನ್ನೂ ಕೊಡುತ್ತಿದ್ದ: ಇದರಲ್ಲೇ ತೊಳೀಬೇಕು, ಇದರಲ್ಲೇ ನೆನೆಸಿಡಬೇಕು, ದಿನಾ ಹೊಸದು ಹಾಕಬೇಕು. ಅವಳೂ ಗಿಣಿಯಂತೆ ಅದನ್ನೇ ಒಪ್ಪಿಸುತ್ತಿದ್ದಳು. ಆದರೆ ತನಗೆಂದು ಒಂದು ಬಾಟಲಿ ಬಿಚ್ಚಹೋದಾಗ ಭಾವ ಕೈ ಹಿಡಿದ.

"ಅದ್ಯಾಕೆ? ನೀನೇನು ಗಿರಾಕೀನಾ? ನಲ್ಲಿ ಇದೆಯಲ್ಲ, ಜಾಲಾಡಿಸಿ ಹಾಕ್ಕೋ. ಕುಡಿಯೋ ನೀರೇ ಅದು."

ಅಕ್ಕ ಆಗ ಟೀ ಕೊಡಲು ಕೆಳಗೆ ಬಂದಿದ್ದಳು. ಲೋಟ ಇಟ್ಟು ಮೇಲೆ ಹೋದಳು.

ನಲ್ಲಿಗೆ ನೀರು ಬರುತ್ತಿದ್ದದ್ದು ಮಾಳಿಗೆಯ ತೊಟ್ಟಿಯಿಂದ. ಅದರ ಮುಚ್ಚಳ ಸೀಳಿಹೋಗಿ ವರ್ಷಗಳಾಗಿದ್ದವು. ಮೇಲೊಂದು ತಗಡು ಮುಚ್ಚಿ ಕಲ್ಲು ಹೇರಿದ್ದರು. ನೀರು ಪಾಚಿ ವಾಸನೆ ಹೊಡೆಯುತ್ತದೆಂದು ನಾದಿನಿ ಎಷ್ಟೋ ಸಲ ಜಗಳ ತೆಗೆದಿದ್ದಳು. ಜಗಳ ತೆಗೆದವಳೇ ಅದೇ ನಲ್ಲಿಯ ಕೆಳಗೆ ಅಂಗೈಯಲ್ಲಿ ಲೆನ್ಸು ಹಿಡಿದು ಜಾಲಾಡಿಸಿದಳು, ಸಣ್ಣ ಡಬ್ಬಿಗೆ ಅದೇ ನೀರು ತುಂಬಿ ನೆನೆಸಿಟ್ಟಳು. ಅಷ್ಟಕ್ಕೆ ಏನಾದೀತು ಎಂದು ಅವಳಿಗೂ ಅನ್ನಿಸಿತ್ತು.

ಮೊದಲು ಎಡಗಣ್ಣಿನಲ್ಲಿ ಮರಳು ಬಿದ್ದಂತಾಯಿತು. ಆಮೇಲೆ ಕೆಂಪು. ಭಾವ ಟಾರ್ಚು ಹಾಕಿ ನೋಡಿ, "ಕಣ್ಣು ಬಂದಿದೆ ಅಷ್ಟೆ, ಮಕ್ಕಳಿಗೂ ಬರುತ್ತೆ," ಎಂದು ಔಷಧದ ಅಂಗಡಿಯಿಂದ ಉರಿ ಇಳಿಸುವ ಹನಿ ತಂದುಕೊಟ್ಟ. ಎರಡು ದಿನ ಕೆಂಪು ಇಳಿಯಿತು. "ನೋಡಿದ್ಯಾ?" ಎಂದ. ಆಮೇಲೆ ನೋವು ಬಂತು.

ಆ ನೋವನ್ನು ಅವಳು ಮುಂದೆ ಹಲವರಿಗೆ ಹೇಳಿದ್ದಾಳೆ. ಹಲ್ಲುನೋವು ಕಣ್ಣಿಗೆ ಬಂದ ಹಾಗೆ, ಎಂದು. ಬಾಗಿಲ ಸಂದಿಯಿಂದ ಬರುವ ಬೆಳಕು ಸೂಜಿಯಂತೆ ಚುಚ್ಚುತ್ತಿತ್ತು. ಕೋಣೆಯ ಕಿಟಕಿಗೆ ಕಂಬಳಿ ಹೊಡೆದು, ತಲೆಯ ಮೇಲೆ ಶಾಲು ಹೊದ್ದು, ಗೋಡೆಗೆ ಹಣೆಯೊತ್ತಿ ಕೂತಳು. ಬೀದಿಯಲ್ಲಿ ಪಾತ್ರೆ ಬಿದ್ದರೂ ಕಣ್ಣಿನೊಳಗೆ ಬಿದ್ದಂತಾಗುತ್ತಿತ್ತು. ಪಕ್ಕದ ಬೀದಿಯ ವೈದ್ಯ ಇದು ವೈರಸ್ ಎಂದು ಮುಲಾಮು ಕೊಟ್ಟ. ಕಣ್ಣಲ್ಲಿ ಕಾಣುವ ಗಾಯಕ್ಕೂ ಅವಳ ಕೂಗಾಟಕ್ಕೂ ತಾಳೆಯಾಗುತ್ತಿಲ್ಲವೆಂದು ಅವನು ಭಾವನ ಹತ್ತಿರ ಹೇಳಿದನಂತೆ. ಭಾವ ಅದನ್ನು ಹೆಂಡತಿಗೆ ಹೇಳಿದ, ಅಕ್ಕ ತಂಗಿಗೆ ಹೇಳಿದಳು.

"ಸ್ವಲ್ಪ ತಡ್ಕೊಳ್ಳೇ. ಎಲ್ಲದಕ್ಕೂ ಊರು ಒಂದು ಮಾಡಿದ್ರೆ ಹೇಗೆ?"

"ನಿನ್ನ ಕಣ್ಣು ತೆಗೆದು ಇಲ್ಲಿಡು," ಎಂದಳು ನಾದಿನಿ ಶಾಲಿನೊಳಗಿಂದ. "ಆಮೇಲೆ ತಡ್ಕೊಳ್ಳೋದು ಹೇಗೆ ಅಂತ ಕಲಿಸು."

ಕಪ್ಪು ಗುಡ್ಡೆಯ ಮೇಲೆ ಬಿಳಿ ಉಂಗುರ ಮೂಡಿದಾಗ ಅಕ್ಕನಿಗೇ ಹೆದರಿಕೆಯಾಯಿತು. ದೊಡ್ಡ ಕಣ್ಣಾಸ್ಪತ್ರೆಗೆ ಮೂವರೂ ಹೋದರು. ಅಲ್ಲಿನ ವೈದ್ಯೆ ಗಡಿಬಿಡಿಯ ಹೆಂಗಸು, ಎದುರಿಗಿದ್ದವರ ಮುಖಕ್ಕಿಂತ ಗಡಿಯಾರವನ್ನೇ ಹೆಚ್ಚು ನೋಡುವವಳು. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಗುಡ್ಡೆಯ ಮೇಲಿನ ಪದರವನ್ನು ಒಂದಿಷ್ಟು ಕೆರೆದು ಪರೀಕ್ಷೆಗೆ ಕಳಿಸಿದಳು. ಮತ್ತೆ ಕರೆಸಿದಾಗ ಅವಳು ಗಡಿಯಾರ ನೋಡಲಿಲ್ಲ.

"ಲೆನ್ಸನ್ನ ಯಾವುದರಲ್ಲಿ ತೊಳೀತಿದ್ರಿ?"

"ನಲ್ಲಿ ನೀರಲ್ಲಿ."

"ಕನ್ನಡಕದಂಗಡೀಲಿ ಕೆಲಸ ಮಾಡ್ತೀನಿ ಅಂದ್ರಿ! ನಿಮಗೇ ಗೊತ್ತಿಲ್ವಾ?"

ನಾದಿನಿ ಭಾವನ ಕಡೆ ತಿರುಗಿದಳು. ಕಾಣುವ ಕಣ್ಣಿನಿಂದ ನೋಡಿದಳು. ಭಾವ ಟೋಪಿಯನ್ನು ಕೈಯಲ್ಲಿ ಹಿಡಿದು ತಿರುವುತ್ತಾ, ಅದೇ ಬೆಣ್ಣೆಯ ದನಿಯಲ್ಲಿ ಹೇಳಿದ: "ನಾನು ಬಾಯಿ ನೋಯೋ ಹಾಗೆ ಹೇಳಿದೀನಿ ಮೇಡಂ, ನೀರು ಮುಟ್ಟಿಸಬೇಡ ಅಂತ. ಕೇಳೋ ಪೈಕಿಯಲ್ಲ ಇವಳು. ಹಟಮಾರಿ."

ಅಕ್ಕ ಅಲ್ಲೇ ನಿಂತಿದ್ದಳು. ನಾದಿನಿ ಅವಳ ಕಡೆಯೂ ನೋಡಿದಳು. ಅಕ್ಕ ಕೈಚೀಲದ ಜಿಪ್ಪು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಮೇಡಂ, ನನ್ನ ಕಣ್ಣಿಗೆ ಏನು ಬಿದ್ದಿದೆ?" ಎಂದು ಕೇಳಿದಳು ನಾದಿನಿ. "ಹುಳಾನಾ?"

"ಹುಳ ಅಲ್ಲ. ಅದಕ್ಕಿಂತ ಚಿಕ್ಕದು. ಅಮೀಬಾ ಅಂತ, ಒಂದೇ ಕಣದ ಜೀವಿ. ತೊಟ್ಟಿ ನೀರಲ್ಲಿ, ಮಣ್ಣಲ್ಲಿ, ಎಲ್ಲಾ ಕಡೆ ಇರುತ್ತೆ. ಲೆನ್ಸಿನ ಕೆಳಗೆ ಸೇರ್ಕೊಂಡ್ರೆ ಅಲ್ಲೇ ಮನೆ ಮಾಡ್ಕೊಂಡು ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜನ್ನ ತಿನ್ನುತ್ತೆ. ಔಷಧಿ ಹಾಕಿದ್ರೆ ಸುತ್ತ ಎರಡು ಗೋಡೆ ಕಟ್ಕೊಂಡು ಒಳಗೆ ಅಡಗಿ ಕೂತ್ಕೊಳ್ಳುತ್ತೆ. ನಿಮಗೆ ಮೊದಲು ಹಾಕಿದ ಹನಿ ಇದೆಯಲ್ಲ, ಅದು ಸ್ಟೆರಾಯ್ಡು, ಕಣ್ಣಿನ ತಡೆಯೋ ಶಕ್ತೀನೇ ಕುಗ್ಗಿಸುತ್ತೆ, ಅದರಿಂದ ಅಮೀಬಾಕ್ಕೆ ಇನ್ನೂ ಅನುಕೂಲವೇ ಆಗಿದೆ."

"ಹಾಗಾದ್ರೆ ನನ್ನ ಕಣ್ಣಿಗೆ ಬಿದ್ದಿರೋದು ಹುಳ ಅಲ್ಲ," ಎಂದು ನಾದಿನಿ ಎದ್ದು ನಿಂತಳು. "ಹುಳ ನಿಮ್ಮ ಬಾಯಿಗೆ ಬೀಳಲಿ, ಭಾವ."

ಹೊರಗಿನ ಬೆಂಚಿನಲ್ಲಿ ಕೂತಿದ್ದವರಿಗೂ ಕೇಳಿಸಿತು.

ಆಮೇಲೆ ಶುರುವಾದದ್ದು ಹನಿಗಳ ಕಾಲ. ಎರಡು ಬಗೆಯ ಔಷಧಿ, ಮೊದಮೊದಲು ಹಗಲುರಾತ್ರಿ ಗಂಟೆಗೊಮ್ಮೆ. ಹನಿ ಬಿದ್ದರೆ ಕಣ್ಣಿಗೆ ಕೆಂಡ ಇಟ್ಟಂತೆ. ಹಾಕುವವಳು ಅಕ್ಕ. ತಂಗಿ ಹಲ್ಲು ಕಚ್ಚಿ ಮುಖ ಮೇಲೆತ್ತುವಳು, ಅಕ್ಕ ರೆಪ್ಪೆ ಎಳೆದು ಹಿಡಿಯುವಳು. ಒಮ್ಮೆ ಅಕ್ಕನ ಕೈ ನಡುಗಿ ಹನಿ ಕೆನ್ನೆಗೆ ಬಿತ್ತು.

"ಅವತ್ತು ಆಸ್ಪತ್ರೇಲಿ ನಡುಗಲಿಲ್ವಲ್ಲ, ಇವತ್ತು ಯಾಕೆ ನಡುಗುತ್ತೆ?" ಎಂದಳು ತಂಗಿ.

"ನಾನೂ ಈ ಮನೇಲೇ ಬದುಕಬೇಕಲ್ಲೇ," ಎಂದಳು ಅಕ್ಕ.

ಕೆಳಗೆ ಭಾವ ಗಿರಾಕಿಗಳಿಗೆ, ನಾದಿನಿ ಊರಿಗೆ ಹೋಗಿದ್ದಾಳೆಂದು ಹೇಳುತ್ತಿದ್ದ. ಬೀದಿಯವರೆಲ್ಲರಿಗೂ ಅವಳು ಮೇಲಿದ್ದಾಳೆಂದು ಗೊತ್ತಿತ್ತು. ಹನಿ ಬೀಳುವ ಹೊತ್ತಿನ ಬೈಗುಳ ಬೀಗದಂಗಡಿಯವರೆಗೆ ಕೇಳುತ್ತಿತ್ತಲ್ಲ.

ತಿಂಗಳುಗಳು ಕಳೆದು ನೋವು ಇಳಿಯಿತು. ಉಂಗುರ ಹರಡಿ, ಗುಡ್ಡೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಉಳಿಯಿತು. ಆ ಕಣ್ಣಿಗೆ ಕಾಣುತ್ತಿದ್ದದ್ದು ಮುಂದೆ ಕೈ ಆಡಿಸಿದರೆ ಒಂದು ನೆರಳು, ಅಷ್ಟೆ. ಒಂದು ಕಣ್ಣು ಇದೆಯಲ್ಲ ಎಂದರು ಎಲ್ಲರೂ. ಹಾಗೆ ಹೇಳಿದವರಿಗೆ, ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲವೆಂದು ಗೊತ್ತಿರಲಿಲ್ಲ. ಲೋಟಕ್ಕೆ ಹುಯ್ದ ನೀರು ಮೇಜಿಗೆ ಬೀಳುತ್ತಿತ್ತು. ಮೆಟ್ಟಿಲಿನ ಕೊನೆಯಲ್ಲಿ ಇಲ್ಲದ ಇನ್ನೊಂದು ಮೆಟ್ಟಿಲಿಗೆ ಕಾಲಿಟ್ಟು ಮುಗ್ಗರಿಸುತ್ತಿದ್ದಳು. ಎಡಗಡೆಯಿಂದ ಬಂದವರು ಧುತ್ತೆಂದು ಎದುರಾಗುತ್ತಿದ್ದರು, ಅವಳು ಹೊಡೆಯುವವಳಂತೆ ಕೈ ಎತ್ತುತ್ತಿದ್ದಳು. ಮತ್ತೆ ಮೂಗಿನ ಮೇಲೆ ಅದೇ ದಪ್ಪ ಕನ್ನಡಕ. ಎಡಗಡೆಯ ಗಾಜು ಸುಮ್ಮನೆ ಶೋಭೆಗೆ.

ಓಡಾಡುವಂತಾದ ಮೊದಲ ಬೆಳಗ್ಗೆಯೇ ಅವಳು ಕೆಳಗಿಳಿದು ಶಟರ್ ಎತ್ತಿ ತನ್ನ ಸ್ಟೂಲಿನಲ್ಲಿ ಕೂತಳು.

"ಇನ್ನೂ ವಿಶ್ರಾಂತಿ ತಗೋಬಾರದಾ?" ಎಂದ ಭಾವ.

"ಸಾಕಾಯ್ತು."

"ಹಾಗಾದ್ರೆ ಒಳಗೆ ಕೂತು ಗಾಜು ಒರೆಸು. ಇಲ್ಲಿ ಬೇಡ."

"ಯಾಕೆ ಬೇಡ?"

ಅವನು ನಿಟ್ಟುಸಿರು ಬಿಟ್ಟ. "ನೀನೇ ಯೋಚನೆ ಮಾಡು. ಕಣ್ಣಿನ ವ್ಯಾಪಾರ ನಮ್ಮದು. ಬಾಗಿಲಲ್ಲೇ ಇಂಥ ಕಣ್ಣು ಕಂಡ್ರೆ ಯಾರು ಒಳಗೆ ಬರ್ತಾರೆ?"

ನಾದಿನಿ ಸ್ಟೂಲನ್ನು ಎತ್ತಿ ಇನ್ನೂ ಮುಂದಕ್ಕೆ, ಹೊಸ್ತಿಲ ಹತ್ತಿರಕ್ಕೇ ಇಟ್ಟುಕೊಂಡಳು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಲೆನ್ಸು ಕೇಳಿಕೊಂಡು ಬಂದ ಇಬ್ಬರು ಹುಡುಗಿಯರಿಗೆ ತಾನೇ ಪೆಟ್ಟಿಗೆ ತೋರಿಸಿದಳು. "ಹಸಿರು ತಗೊಳ್ಳಿ. ಚೆನ್ನಾಗಿ ಕಾಣುತ್ತೆ, ನಾನೂ ಅದನ್ನೇ ಹಾಕ್ತಿದ್ದೆ," ಎಂದು ಎಡಗಣ್ಣನ್ನು ಬೆಳಕಿಗೆ ತಿರುಗಿಸಿದಳು. ಹುಡುಗಿಯರು ಹೊಸ್ತಿಲು ದಾಟಿ ಓಡಿದರು. ಭಾವನ ಮುಖ ಕಪ್ಪಿಟ್ಟಿತು. ಆಗಲೂ ಅವನು ದನಿ ಎತ್ತಲಿಲ್ಲ. ಅಂದಿನಿಂದ ಅವಳು ಕೂರುವ ಮೊದಲೇ ಸ್ಟೂಲು ಕಾಣೆಯಾಗುತ್ತಿತ್ತು. ಅವಳು ನಿಂತಿರುತ್ತಿದ್ದಳು. ಊಟಕ್ಕೆ ಮೇಲೆ ಹೋದರೆ ಅವಳ ತಟ್ಟೆ ಬಡಿಸಿ ಮುಚ್ಚಿಟ್ಟಿರುತ್ತಿತ್ತು, ಎಲ್ಲರದೂ ಆದ ಮೇಲೆ, ತಣ್ಣಗೆ. ಒಂದು ಮನೆಯಲ್ಲಿ ನಾಲ್ಕು ಜನ, ನಾಲ್ಕು ಹೊತ್ತಿಗೆ ಉಣ್ಣುತ್ತಿದ್ದರು.

ಒಂದು ಸಂಜೆ ಅವಳು ಹಿಂದಿನ ಕೋಣೆಗೆ ಹೋದಾಗ ಅಕ್ಕನ ಮಗಳು ಬೇಸಿನ್ನಿನ ಮುಂದೆ ಬಗ್ಗಿ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು. ಹುಡುಗಿಯ ಬಲಗಣ್ಣು ಆಗಲೇ ಜೇನಿನ ಬಣ್ಣವಾಗಿತ್ತು. ಇನ್ನೊಂದು ಲೆನ್ಸು ನೀರಿನ ಕೆಳಗೆ ಬೆರಳ ತುದಿಯಲ್ಲಿತ್ತು.

ನಾದಿನಿ ಆ ಕೈಗೆ ಹೊಡೆದಳು. ಅಂದಾಜು ತಪ್ಪಿ ಏಟು ಮೊಣಕೈಗೆ ಬಿತ್ತು. ಮತ್ತೆ ಹೊಡೆದಳು. ಲೆನ್ಸು ನೆಲಕ್ಕೆ ಬಿತ್ತು. ಅದನ್ನು ಚಪ್ಪಲಿಯಿಂದ ಹೊಸಕಿ, ಹುಡುಗಿಯ ಗದ್ದ ಹಿಡಿದು ಬೆಳಕಿನ ಕಡೆ ಎಳೆದಳು. "ತೆಗಿ ಅದನ್ನ! ಈಗಲೇ ತೆಗಿ!"

"ಚಿಕ್ಕಮ್ಮಾ, ಬಿಡು! ಅಪ್ಪನೇ ಕೊಟ್ಟದ್ದು!" ಹುಡುಗಿ ಚೀರಿದಳು. "ಇವತ್ತೊಂದು ದಿನ ನೀರಲ್ಲಿ ತೊಳ್ಕೋ, ಬಾಟಲಿ ಖಾಲಿಯಾಗಿದೆ, ನಾಳೆ ತರಿಸ್ತೀನಿ ಅಂದ್ರು!"

ಚೀರಾಟಕ್ಕೆ ಭಾವ ಒಳಗೆ ಬಂದ, ಅಕ್ಕ ಮೇಲಿಂದ ಇಳಿದುಬಂದಳು. ಭಾವ ಮೊದಲ ಬಾರಿಗೆ ಕೂಗಿದ. "ನಿನ್ನದು ಹೋಯ್ತು ಅಂತ ನನ್ನ ಮಗಳ ಮೇಲೆ ಹೊಟ್ಟೆಕಿಚ್ಚಾ? ತೊಳೆಯೋಕೆ ಬರದೆ ಕಣ್ಣು ಕಳ್ಕೊಂಡೋಳು ನೀನು!"

"ರೀ," ಎಂದಳು ಅಕ್ಕ.

ಅವಳು ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ನೀವೇ ಹೇಳಿದ್ದು. ಗಿರಾಕೀನಾ ನೀನು, ನಲ್ಲೀಲಿ ಜಾಲಾಡಿಸ್ಕೋ ಅಂತ. ನಾನು ಟೀ ಹಿಡ್ಕೊಂಡು ಅಲ್ಲೇ ನಿಂತಿದ್ದೆ. ನನ್ನ ಕಿವಿಯಾರೆ ಕೇಳಿದೀನಿ. ನನ್ನ ಮಗಳಿಗೂ ಅದನ್ನೇ ಹೇಳಿದ್ರಾ? ಮನುಷ್ಯರಾ ನೀವು?"

ಅಕ್ಕ ಮಗಳನ್ನು ಎಳೆದುಕೊಂಡು ಅವಳ ಕಣ್ಣಿನ ಲೆನ್ಸು ತೆಗೆದಳು. ತಂಗಿಯ ಕಡೆ ನೋಡಿದಳು. ಇಷ್ಟು ದಿನ ಹೊತ್ತದ್ದನ್ನು ಇಳಿಸಿದವಳಂತೆ ಅವಳ ಮುಖ ಹಗುರವಾಗಿತ್ತು. ತಂಗಿ ಬಂದು ತಬ್ಬಿಕೊಳ್ಳುತ್ತಾಳೆಂದು ಅಂದುಕೊಂಡಿದ್ದಳೋ ಏನೋ.

"ನನ್ನ ಕಣ್ಣು ಹೋಗುವಾಗ ನಿನಗೆ ಬಾಯಿ ಇರಲಿಲ್ಲ," ಎಂದಳು ನಾದಿನಿ. "ನಿನ್ನ ಮಗಳ ಕಣ್ಣಿಗೆ ಬಂದಾಗ ಬಂತು. ಭಾವನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ, ಅಕ್ಕ. ಅವನು ಯಾರೋ. ನೀನು ನನ್ನವಳು ಅಂದ್ಕೊಂಡಿದ್ದೆ."

ಮರುದಿನ ಬಟ್ಟೆಯ ಒಂದು ಚೀಲ ಹಿಡಿದು ಹೊರಟಳು. ಯಾರೂ ತಡೆಯಲಿಲ್ಲ. ಹುಡುಗಿಯ ಕಣ್ಣಿಗೆ ಏನೂ ಆಗಲಿಲ್ಲ, ಪರೀಕ್ಷೆ ಮಾಡಿಸಿದರು. ಲೆನ್ಸಿನ ಪೆಟ್ಟಿಗೆಯನ್ನು ಅಕ್ಕನೇ ಒಳಗಿಡಿಸಿದಳೆಂದು ಕೇಳಿದೆವು. ಗಂಡಹೆಂಡಿರು ಅಂದಿನಿಂದ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಾರೆಂದೂ ಕೇಳಿದೆವು. ಆಮೇಲೆ ಇಟ್ಟುಕೊಂಡ ಕೆಲಸದವಳು ಹೇಳಿದ್ದು, ಎಷ್ಟು ನಿಜವೋ.

ನಾದಿನಿಗೆ ಕೆಲಸ ಸಿಕ್ಕಿದ ರೀತಿಯೂ ಅವಳಿಗೆ ತಕ್ಕಂತೆಯೇ ಇತ್ತು. ಬಸ್ ನಿಲ್ದಾಣದಲ್ಲಿ ಬಾರದ ಬಸ್ಸಿಗೆ ಕಾದು ಕಾದು ಅವಳು ಕಂಟ್ರೋಲರನ ಕಿಟಕಿಗೆ ಹೋಗಿ ಜಾಡಿಸಿದಳು. ಬೋರ್ಡು ಮಸುಕು, ಮೈಕು ಗೊರಗೊರ, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕಣ್ಣಿದ್ದವರಿಗೇ ಗೊತ್ತಾಗುವುದಿಲ್ಲ, ಇಲ್ಲದವರ ಗತಿಯೇನು? ಕಂಟ್ರೋಲರ್ ತಲೆ ಚಚ್ಚಿಕೊಂಡು, "ಅಷ್ಟು ಗಂಟಲಿದ್ರೆ ನೀವೇ ಬಂದು ಕೂಗ್ರಮ್ಮ," ಎಂದ.

"ಕೂಗ್ತೀನಿ. ಕುರ್ಚಿ ಎಲ್ಲಿ?"

ಮೈಕಿನಲ್ಲಿ ಬಸ್ಸಿನ ಹೆಸರು ಕೂಗುವ ಹೆಂಗಸು ಕೆಲಸ ಬಿಟ್ಟುಹೋಗಿದ್ದದ್ದು ನಿಜವಾಗಿತ್ತು. ಒಂದು ವಾರ ನೋಡೋಣ ಎಂದವನು ಅವಳನ್ನು ಉಳಿಸಿಕೊಂಡ. ಅವಳ ದನಿಗೆ ನಿಲ್ದಾಣದ ನಾಯಿಗಳೂ ಎದ್ದು ಕೂರುತ್ತವೆ. "ಬಾಗಿಲಲ್ಲಿ ನೇತಾಡೋರು ಒಳಗೆ ಹೋಗಿ, ಒಳಗೆ ಜಾಗ ಇದೆ, ನನಗೇ ಕಾಣ್ತಿದೆ" ಎಂದು ಅವಳು ಮೈಕಿನಲ್ಲಿ ಹೇಳಿದರೆ ಜನ ನಿಜಕ್ಕೂ ಒಳಗೆ ಹೋಗುತ್ತಾರೆ.

ಮುಂದಿನ ವರ್ಷ ಆಸ್ಪತ್ರೆಯಿಂದ ಕರೆ ಬಂತು. ಅಮೀಬಾ ಸತ್ತಿದೆ, ಸತ್ತವರೊಬ್ಬರು ದಾನ ಮಾಡಿದ ಕಣ್ಣು ಸಿಕ್ಕಿದೆ, ಕಾರ್ನಿಯಾ ಬದಲಾಯಿಸಬಹುದು, ಎಂದು. ಅದೇ ವೈದ್ಯೆ ಮಾಡಿದಳು. ಅಕ್ಕನಿಗೆ ಹೇಗೋ ಸುದ್ದಿ ತಿಳಿದು, ಪಟ್ಟಿ ಬಿಚ್ಚುವ ಬೆಳಗ್ಗೆ ಬಂದು ಮಂಚದ ಕಾಲಬುಡದಲ್ಲಿ ನಿಂತಿದ್ದಳು.

ವೈದ್ಯೆ ಪಟ್ಟಿ ತೆಗೆದು ಬಲಗಣ್ಣು ಮುಚ್ಚಿ ಹಿಡಿದಳು. "ಏನು ಕಾಣುತ್ತೆ?"

ಮಂಜು ಕಟ್ಟಿದ ಗಾಜಿನ ಆಚೆ ಒಂದು ನೀಲಿ ಬಟ್ಟೆ. ಅದರ ಮೇಲೆ ಮಸಕು ಮಸಕಾಗಿ ಒಂದು ಮುಖ, ಒಂದು ಭುಜ ಇನ್ನೊಂದಕ್ಕಿಂತ ತುಸು ತಗ್ಗು. ಆ ಭುಜವನ್ನು ಅವಳು ಕತ್ತಲೆಯಲ್ಲೂ ಗುರುತಿಸುತ್ತಿದ್ದಳು.

"ಯಾರೋ ಹೆಂಗಸು," ಎಂದಳು ನಾದಿನಿ.

ಅಕ್ಕ ಅಳುತ್ತಾ ಹೊರಗೆ ಹೋದಳು. ಇದನ್ನು ನಮಗೆ ಹೇಳಿದವಳು ನಾದಿನಿಯೇ. ಗುರುತು ಹತ್ತಿತ್ತೆಂಬುದನ್ನೂ ಅವಳೇ ಹೇಳಿದಳು. ತಪ್ಪು ಮಾಡಿದೆನೆಂದು ಹೇಳಲಿಲ್ಲ, ಸರಿ ಮಾಡಿದೆನೆಂದೂ ಹೇಳಲಿಲ್ಲ.

ಹೊಸ ಕಾರ್ನಿಯಾ ಪೂರ್ತಿ ತಿಳಿಯಾಗಲೇ ಇಲ್ಲ. ದೇಹ ಅದನ್ನು ಒಮ್ಮೆ ಒಲ್ಲೆನೆಂದಿತು, ಔಷಧಿ ಕೊಟ್ಟು ಒಪ್ಪಿಸಿದರು. ಈಗ ಎಡಗಣ್ಣಿಗೆ ಬಣ್ಣ ಕಾಣುತ್ತದೆ, ಮನುಷ್ಯರ ಆಕಾರ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಇಷ್ಟೇ ಅಂತ ಇಟ್ಕೊಳ್ಳಿ, ಎಂದಿದ್ದಾಳೆ ವೈದ್ಯೆ. ನಾದಿನಿ ನಿಲ್ದಾಣದ ಹಿಂದಿನ ಕಟ್ಟಡದಲ್ಲಿ ಮೂರನೇ ಮಹಡಿಯ ಒಂದು ಕೋಣೆಯಲ್ಲಿದ್ದಾಳೆ. ಅಲ್ಲಿಯ ಮಾಲೀಕ ಮೆಟ್ಟಿಲಿಗೆ ಬಲ್ಬು ಹಾಕಿಸುವುದಿಲ್ಲ. ಅವಳು ಕೇಳಿದಳು, ಬೈದಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದ ವಾರ ಅವನ ಬಾಗಿಲ ಮೇಲಿನ ಬಲ್ಬನ್ನು ಹಾಡಹಗಲೇ, ಅವನ ಎದುರಿಗೇ ಕುರ್ಚಿ ಹಾಕಿ ಹತ್ತಿ ಬಿಚ್ಚಿಕೊಂಡು ಹೋಗಿ ಮೆಟ್ಟಿಲಿಗೆ ಹಾಕಿದಳು. ಮಾಲೀಕ ಮನೆ ಖಾಲಿ ಮಾಡು ಎನ್ನುತ್ತಿದ್ದಾನೆ. ಅವಳು ಮಾಡುವುದಿಲ್ಲ ಎನ್ನುತ್ತಿದ್ದಾಳೆ.